ಒಂದು ಬ್ಯಾಂಡು ಉಳಿಯಿತು

ಓಟಗಾರರ ಕ್ಲಬ್ಬಿಗೆ ನಾನು ಸೇರಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ನಮ್ಮ ಕಡೆಯ ಗಂಡಸರು ಮೊಮ್ಮಕ್ಕಳನ್ನು ಎತ್ತಿಕೊಂಡು ಅಂಗಡಿ ಬೀದಿಗೆ ಹೋಗುತ್ತಾರೆ, ಇಲ್ಲವೇ ಟೀ ಅಂಗಡಿಯ ಮುಂದೆ ಕೂತು ಊರಿನವರ ತಪ್ಪು ಎಣಿಸುತ್ತಾರೆ. ನನಗೆ ಮೊಮ್ಮಕ್ಕಳ ಮಾತಿರಲಿ, ಮದುವೆಯೇ ಆಗಿಲ್ಲ. ಯಾಕಾಗಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿ ಹೇಳಿ, ನಿಜವಾದ ಕಾರಣ ಯಾವುದೆಂದು ಈಗ ನನಗೇ ಮರೆತುಹೋಗಿದೆ. ಮದ್ದೂರಿನ ಒಂದು ಮಹಡಿ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದಿಡುವುದು, ಮೈಕಿನಲ್ಲಿ ಕೂಗುವುದು. ಇಪ್ಪತ್ತೆರಡು ವರ್ಷದಿಂದ ಊರಿನ ಜನರನ್ನೆಲ್ಲ ಬೇರೆ ಬೇರೆ ಕಡೆಗೆ ಕಳಿಸಿ ನಾನು ಮಾತ್ರ ಇಲ್ಲೇ ಕೂತಿದ್ದೇನೆ.

ಓಟಕ್ಕೆ ಕಾರಣ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ಬೆಳಿಗ್ಗೆ ನಡೆಯಲು ಹೇಳಿದರು. ವೈದ್ಯನಾಥಪುರದ ರಸ್ತೆಯಲ್ಲಿ ನಡೆಯಲು ಶುರು ಮಾಡಿದೆ. ಆದರೆ ನಡೆಯುವಾಗ ತಲೆಯೊಳಗೆ ಮಾತು ಹುಟ್ಟುತ್ತದೆ. ಜೊತೆಗೆ ಯಾರೂ ಇಲ್ಲದವನಿಗೆ ಆ ಮಾತು ಹಿಂಸೆ. ಓಡಿದರೆ ಏದುಸಿರು ಬಿಟ್ಟು ಬೇರೇನೂ ಇರುವುದಿಲ್ಲ. ಹಾಗಾಗಿ ಓಡಿದೆ. ಓಟ ಎನ್ನುವುದು ನನ್ನ ಮಾತು, ನೋಡಿದವರು ಏನೆನ್ನುತ್ತಿದ್ದರೋ. ಕಬ್ಬು ಕಡಿಯಲು ಹೊರಟ ಹೆಂಗಸರು ಮಾತ್ರ ಬಾಯಿಬಿಟ್ಟೇ ಕೇಳುತ್ತಿದ್ದರು.

“ಯಾಕಣ್ಣೋ, ಬಸ್ ತಪ್ಪೋಯ್ತಾ?”

ಬಸ್ ನಿಲ್ದಾಣದ ಕಂಟ್ರೋಲರ್‌ಗೇ ಈ ಪ್ರಶ್ನೆ! ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅವರು ಕೇಳದ ದಿನ ಏನೋ ಕಳಕೊಂಡಂತಾಗತೊಡಗಿತು.

ಆ ರಸ್ತೆಯಲ್ಲೇ ಕ್ಲಬ್ಬಿನ ಪಿ.ಟಿ. ಮೇಷ್ಟ್ರು ನನ್ನನ್ನು ಹಿಡಿದದ್ದು. ಮಂಡ್ಯದ ಯಾವುದೋ ಹೈಸ್ಕೂಲಿನಲ್ಲಿ ಆಟ ಆಡಿಸುವ ಕೆಲಸ ಅವರದು. ಭಾನುವಾರ ಬಂತೆಂದರೆ ದೊಡ್ಡವರನ್ನು ಓಡಿಸುವ ಹುಚ್ಚು. ಅಂಗಡಿಯವರು, ಆಫೀಸಿನವರು, ರೈತರು, ಗೆಜ್ಜಲಗೆರೆಯ ಫ್ಯಾಕ್ಟರಿಗಳಿಗೆ ಹೋಗುವವರು, ಇಬ್ಬರು ನರ್ಸುಗಳು, ಎಲ್ಲ ಸೇರಿ ನಲವತ್ತೈದು ಜನ ಆಗಿದ್ದೆವು. ಚಳಿ ಶುರುವಾದಾಗಿನಿಂದ ಶಿವರಾತ್ರಿಯೊಳಗೆ ಮೂರು ಓಟ: ಒಂದು ಮಂಡ್ಯದಲ್ಲಿ, ಒಂದು ಮದ್ದೂರಿನಲ್ಲಿ, ಒಂದು ಮಳವಳ್ಳಿಯಲ್ಲಿ. ಐದು ಕಿಲೋಮೀಟರು ಹೋಗಿ, ತಿರುಗಿ, ಐದು ಕಿಲೋಮೀಟರು ಬರಬೇಕು. ಪ್ರತಿಯೊಬ್ಬನಿಗೂ ಮೂರು ಓಟಕ್ಕೂ ಒಂದೇ ನಂಬರು. ನನ್ನದು ಇಪ್ಪತ್ತೇಳು. ಆ ಬಟ್ಟೆಯ ಚೌಕವನ್ನು ನಾಲ್ಕು ಪಿನ್ನುಗಳ ಸಮೇತ ನನ್ನ ಕೋಣೆಯಲ್ಲಿ ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದೆ.

ಕ್ಲಬ್ಬಿನಲ್ಲಿ ಮೂರು ಕಟ್ಟುಪಾಡು. ಒಂದು, ತಿರುವಿನಲ್ಲಿ ಒಬ್ಬರು ಡಬ್ಬಿ ಹಿಡಿದು ಕೂತಿರುತ್ತಾರೆ; ಬಂದವರ ಕೈಗೆ ಒಂದು ಕೆಂಪು ರಬ್ಬರ್ ಬ್ಯಾಂಡು ಹಾಕಿ ಕಳಿಸುತ್ತಾರೆ; ಓಡುವವರೆಷ್ಟೋ ಡಬ್ಬಿಯಲ್ಲಿ ಬ್ಯಾಂಡೂ ಅಷ್ಟೇ. ಅದು ಮಣಿಕಟ್ಟಿನಲ್ಲಿದ್ದರೆ ಮಾತ್ರ ಪೂರ್ತಿ ಓಡಿದ ಲೆಕ್ಕ. ಅರ್ಧ ದಾರಿಯಲ್ಲೇ ತಿರುಗಿಬಿಡುವ ಜಾಣರು ಹಿಂದೆ ಇದ್ದರಂತೆ. ಎರಡು, ಪ್ರತಿಯೊಬ್ಬರೂ ಒಂದು ಓಟವನ್ನು ಬಿಟ್ಟುಕೊಟ್ಟು ಸೇವೆ ಮಾಡಬೇಕು: ನೀರು ಕೊಡುವುದು, ದಾರಿ ತೋರಿಸುವುದು, ಇಲ್ಲವೇ ಆ ಬ್ಯಾಂಡು ಹಾಕುವುದು. ಮೂರನೆಯದು ಪುಸ್ತಕ.

ಪುಸ್ತಕ ಇದ್ದದ್ದು ಟೀಚರಮ್ಮನ ಕೈಯಲ್ಲಿ. ಮಳವಳ್ಳಿಯವರು, ಹೆಡ್ ಮಿಸ್ಸಾಗಿ ನಿವೃತ್ತರಾದವರು. ಮಂಡಿನೋವಿನಿಂದ ಓಡುವುದು ಬಿಟ್ಟ ಮೇಲೆ ಮುಗಿಸುವ ಗೆರೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೇಷ್ಟ್ರು ಕೊಟ್ಟ ಪಟ್ಟಿ ನೋಡಿಕೊಂಡು ಆ ದಿನ ಓಡುವವರ ನಂಬರುಗಳನ್ನು ಮೊದಲೇ ಸಾಲಾಗಿ ಬರೆದಿಟ್ಟಿರುತ್ತಿದ್ದರು, ನಂಬರು ಮಾತ್ರ. ಓಟ ಮುಗಿಸಿದವನ ನಂಬರನ್ನು ಶಾಲೆಯ ಹಾಜರಿಯಂತೆ ಗಟ್ಟಿಯಾಗಿ ಕೂಗುತ್ತಿದ್ದರು. ಅವನು “ಹಾಜರ್ ಮಿಸ್” ಎನ್ನಬೇಕು. ಆಗ ಅವನ ಹೆಸರು, ಹೊತ್ತು ಪುಸ್ತಕಕ್ಕೆ ಬೀಳುತ್ತಿತ್ತು. ದೊಡ್ಡ ಹೊಟ್ಟೆಯ ಸಾಹುಕಾರರೂ ಬೆವರು ಸುರಿಸಿಕೊಂಡು “ಹಾಜರ್ ಮಿಸ್” ಎಂದು ಕೂಗಿ ನಗುತ್ತಿದ್ದರು. ಒಂದೂವರೆ ಗಂಟೆಯೊಳಗೆ ಬಂದವರಿಗೆ ಮಾತ್ರ ಈ ಭಾಗ್ಯ.

ಆ ವರ್ಷ ನನಗೆ ಬೇಕಾಗಿದ್ದುದು ಅದೊಂದೇ. ಕಪ್ಪಲ್ಲ, ಪದಕವಲ್ಲ. ಒಂದು ಸಲ ಆ ಹೆಂಗಸು ಇಪ್ಪತ್ತೇಳು ಎಂದು ಕೂಗಬೇಕು, ನಾನು ಹಾಜರ್ ಎನ್ನಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು. ಹೇಳಲು ಯಾರೂ ಇರಲಿಲ್ಲ ಎಂಬುದೂ ನಿಜ.

ಮಂಡ್ಯದ ಓಟ ನಾಲೆ ಏರಿಯ ಮೇಲೆ ನಡೆಯಿತು. ಮಂಜಿನಲ್ಲಿ ಎಲ್ಲರೂ ಒಟ್ಟಿಗೆ ಹೊರಟೆವು. ಎರಡನೆಯ ಕಿಲೋಮೀಟರಿಗೆ ಮುಂದಿನವರ ಬೆನ್ನು ಕಾಣದಾಯಿತು. ಹಿಂದೆ ತಿರುಗಿ ನೋಡಿದರೆ ನನ್ನ ಹಿಂದೆ ಒಂದು ನಾಯಿ. ಸ್ವಲ್ಪ ದೂರಕ್ಕೆ ಅದೂ ಬೇಸತ್ತು ನಿಂತಿತು. ತಿರುವಿನಲ್ಲಿ ಬ್ಯಾಂಡು ಹಾಕಿಸಿಕೊಂಡು ವಾಪಸು ಬರುವಷ್ಟರಲ್ಲಿ ಬ್ಯಾನರು ಸುತ್ತುತ್ತಿದ್ದರು. ಇಡ್ಲಿಯ ಪಾತ್ರೆ ತೊಳೆದು ಕವುಚಿ ಹಾಕಿತ್ತು. ಮೇಷ್ಟ್ರು ನನ್ನನ್ನು ನೋಡಿ ನಿಜವಾಗಿಯೂ ಬೆಚ್ಚಿಬಿದ್ದರು.

“ಅಯ್ಯೋ ಕಂಟ್ರೋಲರ್ರೇ, ನೀವಿನ್ನೂ ಇದ್ರಾ?”

ಒಂದು ಗಂಟೆ ನಲವತ್ತು ನಿಮಿಷ ಆಗಿತ್ತು. ಟೀಚರಮ್ಮ ಪುಸ್ತಕವನ್ನು ಬ್ಯಾಗಿಗೆ ಹಾಕಿ ಆಟೋ ಹತ್ತಿಯಾಗಿತ್ತು. ಕೈಯ ಬ್ಯಾಂಡನ್ನು ಯಾರಿಗೆ ತೋರಿಸುವುದೆಂದು ತಿಳಿಯದೆ ಮನೆಯವರೆಗೂ ಹಾಕಿಕೊಂಡೇ ಹೋದೆ.

ಆಮೇಲೆ ಎರಡು ತಿಂಗಳು ಹಟ ಹಿಡಿದು ಓಡಿದೆ. ಅನ್ನ ಬಿಟ್ಟು ಮುದ್ದೆಗೆ ಬಂದೆ. ಮಧ್ಯಾಹ್ನದ ಶಿಫ್ಟಿನ ದಿನ ಬೆಳಿಗ್ಗೆ, ಬೆಳಗಿನ ಶಿಫ್ಟಿನ ದಿನ ಸಂಜೆ. ಕೆಳಗಿನ ಮನೆಯ ಯಜಮಾನಿ “ಇಷ್ಟೊಂದ್ ಯಾರನ್ನ ಇಡ್ಯಕ್ ಓಡ್ತೀರೋ” ಎಂದು ಹಂಗಿಸುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಮದ್ದೂರಿನ ಓಟ. ನನ್ನ ರಸ್ತೆಯೇ, ವೈದ್ಯನಾಥಪುರ ದಾಟಿ ಸ್ವಲ್ಪ ಮುಂದೆ ಹೋಗಿ ತಿರುಗಬೇಕು. ಎಲ್ಲಿ ಹಳ್ಳ, ಎಲ್ಲಿ ಏರು, ಯಾವ ಮನೆಯ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲ ಗೊತ್ತು. ಆ ದಿನ ಕಾಲು ನನ್ನ ಮಾತು ಕೇಳಿತು. ಕೊನೆಯವನೇ ಆದರೂ ಹಿಂದಿನಂತೆ ತೀರಾ ಹಿಂದೆ ಇರಲಿಲ್ಲ.

ತಿರುವಿಗೆ ಬಂದರೆ ಅಲ್ಲಿ ಯಾರೂ ಇಲ್ಲ. ರಸ್ತೆಯ ಮೇಲೆ ಸುಣ್ಣದ ಪುಡಿಯಲ್ಲಿ ಬಾಣದ ಗುರುತು, ಪಕ್ಕದಲ್ಲಿ ಖಾಲಿ ನೀರಿನ ಕ್ಯಾನು. ಎರಡು ಸಲ ಕೂಗಿದೆ. ಗದ್ದೆಯಲ್ಲಿ ಯಾರೋ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು. ಹೊತ್ತು ಹೋಗುತ್ತಿತ್ತು, ತಿರುಗಿ ಓಡಿದೆ. ಗೆರೆ ದಾಟಿದಾಗ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ! ಟೀಚರಮ್ಮ ಕುರ್ಚಿಯಲ್ಲೇ ಇದ್ದರು, ಪುಸ್ತಕ ತೆರೆದೇ ಇತ್ತು. ಪೆನ್ನು ಎತ್ತಿಕೊಂಡು ನನ್ನ ಕೈ ನೋಡಿದರು.

“ಬ್ಯಾಂಡೆಲ್ಲಪ್ಪಾ?”

“ಅಲ್ಲಿ ಯಾರೂ ಇರ್ನಿಲ್ಲ ಟೀಚರಮ್ಮ.”

“ಇರ್ನಿಲ್ಲ ಅಂದ್ರೆ ನಾನೇನ್ ಮಾಡ್ಲಿ? ಬ್ಯಾಂಡಿಲ್ದೆ ಬರ್ದ್ರೆ ನಾಳೆ ಎಲ್ರೂ ಇಂಗೇ ಯೋಳ್ತರೆ.”

ಅವರು ಹೇಳಿದ್ದು ಸರಿಯೇ. ಅದಕ್ಕೇ ಇನ್ನಷ್ಟು ಉರಿಯಿತು. ಆ ದಿನ ತಿರುವಿನಲ್ಲಿ ಸೇವೆಗಿದ್ದವನು ಗೆಜ್ಜಲಗೆರೆಯಲ್ಲಿ ಕೆಲಸ ಮಾಡುವವನು. ಶಿಫ್ಟಿಗೆ ಹೊತ್ತಾಯಿತೆಂದು ಡಬ್ಬಿ ಮುಚ್ಚಿ ಬೈಕು ಹತ್ತಿದ್ದನಂತೆ. ಮರುವಾರ ಸಿಕ್ಕಾಗ ತಲೆ ಕೆರೆದುಕೊಂಡು, “ಇನ್ಯಾರೂ ಇಲ್ಲ ಅನ್ಕಂಡೆ ಕಣಣ್ಣ” ಎಂದ. ಡಬ್ಬಿಯಲ್ಲಿ ಒಂದು ಬ್ಯಾಂಡು ಉಳಿದಿತ್ತಲ್ಲ, ನೋಡಲಿಲ್ಲವಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಬೈಯಲು ನನಗೆ ಯಾವ ಬಾಯಿದೆ? ಬ್ಯಾಗು ಹಿಡಿದು ನಿಲ್ದಾಣದ ಗೇಟಿನಲ್ಲಿ ಓಡಿಬರುತ್ತಿರುವವರನ್ನು ಕಂಡೂ ಹೊತ್ತಾಯಿತೆಂದು ಬಸ್ಸು ಬಿಡಿಸಿದವನು ನಾನು. ಒಂದು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ. ಆ ಮುಖಗಳು ಈಗ ಒಂದೊಂದಾಗಿ ನೆನಪಿಗೆ ಬಂದವು.

ಉಳಿದದ್ದು ಮಳವಳ್ಳಿ. ಅಲ್ಲಾದರೂ ಆಗುತ್ತದೆ ಎಂದುಕೊಂಡಿದ್ದೆ. ಓಟಕ್ಕೆ ಎರಡು ದಿನ ಇರುವಾಗ ಮೇಷ್ಟ್ರ ಫೋನು ಬಂತು. ನನ್ನ ಸೇವೆ ಬಾಕಿ ಇದೆಯಂತೆ. ಅದು ನನಗೆ ಮರೆತೇ ಹೋಗಿತ್ತು.

“ತಿರುವಲ್ಲಿ ಕೂರಕ್ಕೆ ಯಾರೂ ಸಿಕ್ತಿಲ್ಲ ಕಣ್ರೀ. ನೀವು ಎಂಗಿದ್ರೂ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಹೇಗಿದ್ದರೂ ಕೊನೆಯವರೇ ಎನ್ನುವುದು ಬಾಯಿಗೆ ಬಂದು ನಿಂತಿತ್ತು. ಆಗಲಿ ಎಂದೆ. ಫೋನು ಇಟ್ಟ ಮೇಲೆ ಮೊಳೆಯಲ್ಲಿದ್ದ ನಂಬರನ್ನು ನೋಡುತ್ತಾ ಬಹಳ ಹೊತ್ತು ಕೂತೆ. ಆ ಸಂಜೆ ಅಡುಗೆ ಮಾಡಲಿಲ್ಲ. ಇಷ್ಟು ದೊಡ್ಡವನಾಗಿ ಇಷ್ಟು ಸಣ್ಣದಕ್ಕೆ ಅಳು ಬರುತ್ತದೆಯಲ್ಲ ಎಂದು ನಾಚಿಕೆಯೂ ಆಯಿತು.

ಭಾನುವಾರ ಮೊದಲ ಬಸ್ಸಿಗೆ ಮಳವಳ್ಳಿಗೆ ಹೋದೆ. ಊರಾಚೆ ಹೊಂಗೆ ಮರದ ಹತ್ತಿರ ಹೊರಡುವ ಗೆರೆ, ಮುಗಿಸುವ ಗೆರೆಯೂ ಅದೇ. ಮೇಷ್ಟ್ರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ, ಐದು ಕಿಲೋಮೀಟರು ಆಚೆ ಒಂದು ಹುಣಸೆ ಮರದ ಬುಡದಲ್ಲಿ ಇಳಿಸಿದರು. ನೀರಿನ ಕ್ಯಾನು, ಕಾಗದದ ಲೋಟ, ಒಂದು ಸ್ಟೀಲಿನ ಟಿಫನ್ ಡಬ್ಬಿ. “ಮೂವತ್ತಾರು ಬ್ಯಾಂಡವೆ. ಇವತ್ತು ಓಡೋರು ಮೂವತ್ತಾರು ಜನ. ಎರಡ್ ಸಲ ಎಣ್ಸಿವ್ನಿ” ಎಂದು ಹೇಳಿ ಹೊರಟರು. ಎರಡೂ ಕಡೆ ಹಿಪ್ಪುನೇರಳೆ ತೋಟ. ರಸ್ತೆಯ ಮೇಲೆ ನಾನೊಬ್ಬನೇ.

ಮೊದಲನೆಯವನು ಬಂದ. ಕೈ ಚಾಚಿದ, ಬ್ಯಾಂಡು ಹಾಕಿದೆ, ಹೋದ. ಮುಖ ಕೂಡ ನೋಡಲಿಲ್ಲ. ಆಮೇಲೆ ಗುಂಪುಗುಂಪಾಗಿ ಬಂದರು. ಬೆವೆತ ಮಣಿಕಟ್ಟುಗಳು, ವಾಚು ಕಟ್ಟಿದವು, ಬಳೆ ತೊಟ್ಟವು, ದೇವರ ದಾರ ಸುತ್ತಿದವು. ಬಹಳ ದಿನಗಳ ಮೇಲೆ ನಾನು ಇಷ್ಟು ಜನರ ಕೈ ಮುಟ್ಟಿದ್ದು ಎಂದು ಅನ್ನಿಸಿತು. ಕೆಲಸದ ಚಾಳಿ ಬಿಡದು. ಬಂದ ನಂಬರನ್ನೂ ಹೊತ್ತನ್ನೂ ಒಂದು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದೆ. ಕೊನೆಗೆ ಇಬ್ಬರು ನರ್ಸುಗಳು ಮಾತಾಡಿಕೊಂಡು ಬಂದು, ನೀರು ಕುಡಿದು, ಮಾತಾಡಿಕೊಂಡೇ ಹೋದರು. ಆಮೇಲೆ ಯಾರೂ ಬರಲಿಲ್ಲ.

ಡಬ್ಬಿಯಲ್ಲಿ ಒಂದು ಬ್ಯಾಂಡು ಉಳಿದಿತ್ತು.

ಚೀಟಿ ಎಣಿಸಿದೆ. ಮೂವತ್ತೈದು. ಒಬ್ಬರು ಬರಬೇಕು. ಯಾರೆಂದು ತಿಳಿಯುವಂತಿರಲಿಲ್ಲ. ನಲವತ್ತೈದು ನಂಬರುಗಳಲ್ಲಿ ಹತ್ತು ಬಿಟ್ಟುಹೋಗಿದ್ದವು. ಅದರಲ್ಲಿ ಸೇವೆಯವರು ಯಾರು, ಊರಲ್ಲಿಲ್ಲದವರು ಯಾರು, ಓಡುತ್ತಿರುವವರು ಯಾರು ಎಂಬುದು ಮೇಷ್ಟ್ರ ಪಟ್ಟಿಯಲ್ಲಿತ್ತು, ನನ್ನ ಹತ್ತಿರವಲ್ಲ. ನರ್ಸುಗಳೂ ಗೆರೆ ಮುಟ್ಟುವಷ್ಟು ಹೊತ್ತಾದಾಗ ಫೋನು ಬಂತು.

“ಕಂಟ್ರೋಲರ್ರೇ, ಎಲ್ಲಾ ಬಂದಾಯ್ತು. ಡಬ್ಬಿ ಮುಚ್ಕಳಿ, ಗಾಡಿ ಕಳುಸ್ತೀನಿ.”

“ಒಂದ್ ಬ್ಯಾಂಡು ಉಳ್ದದೆ ಮೇಷ್ಟ್ರೇ.”

“ಉಳುದ್ರೆ ಉಳ್ಕಳ್ಳಿ ಬುಡಿ. ಯಾರೋ ಅರ್ಧ ದಾರೀಲೇ ತಿರುಗಿರ್ತರೆ. ಜನ ಅಸ್ಕಂಡವ್ರೆ, ಓಟ್ಲಿಗೋಗ್ಬೇಕು.”

“ನೀವು ಓಗಿ ತಿನ್ನಿ. ಆ ಒಬ್ರು ಬರೋಗಂಟ ನಾನು ಇಲ್ಲಿಂದ ಏಳಾಕಿಲ್ಲ. ಗಾಡೀನೂ ಬ್ಯಾಡ.”

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮೇಷ್ಟ್ರು “ನಿಮ್ಮಿಷ್ಟ ಕಣ್ರೀ” ಎಂದು ಫೋನು ಇಟ್ಟರು.

ಕಾದೆ. ಬಿಸಿಲು ಏರಿತು. ಬರುವವನು ಬಾಯಾರಿ ಬರುತ್ತಾನೆಂದು ಲೋಟಕ್ಕೆ ನೀರು ತುಂಬಿ, ದೂಳು ಬೀಳದಂತೆ ಮೇಲೊಂದು ಲೋಟ ಕವುಚಿದೆ. ಎಂಥವನಿರಬಹುದು? ನನ್ನ ಹಾಗೆಯೇ ನಿಧಾನದವನು. ಇನ್ನೂ ಯಾರಾದರೂ ಇರುತ್ತಾರೋ ಇಲ್ಲವೋ ಎಂದು ಅನುಮಾನಿಸಿಕೊಂಡು ಬರುತ್ತಿರುವವನು. ಅವನು ಹುಣಸೆ ಮರದ ಹತ್ತಿರ ಬಂದು ನನ್ನನ್ನು ನೋಡಿದಾಗ ಅವನ ಮುಖ ಹೇಗಾಗುತ್ತದೆ ಎಂದು ನೋಡಬೇಕಿತ್ತು. ಅದಕ್ಕಾಗಿ ಸಂಜೆಯವರೆಗೂ ಕೂರಲು ತಯಾರಿದ್ದೆ. ಹಸಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ನೆರಳಿಗೆಂದು ಬಂದು ನಿಂತರು.

“ಯಾರ್ಗಣ್ಣ ಕಾಯ್ತಾ ಕುಂತಿದ್ದೀಯೆ?”

“ಇನ್ನೊಬ್ರು ಬರ್ಬೇಕು ಕಣಮ್ಮ.”

“ನೆಂಟ್ರಾ?”

“ಅಲ್ಲ. ಯಾರೂಂತ ಗೊತ್ತಿಲ್ಲ.”

“ಗೊತ್ತಿಲ್ದೋರ್ಗ್ಯಾಕ್ ಕಾಯ್ತೀಯೆ? ಮನ್ಗೋಗು. ಎಡ್ತಿ ಉಣ್ದೆ ಕಾಯ್ತಿರ್ತಳೆ.”

ಹೂಂ ಎಂದೆ. ಇಲ್ಲದ ಹೆಂಡತಿಯನ್ನು ಇಲ್ಲ ಎಂದು ಹೇಳಿ, ಆಮೇಲೆ ಕಾರಣ ಹೇಳುವುದಕ್ಕಿಂತ ಹೂಂ ಎನ್ನುವುದು ಸುಲಭ. ಕವುಚಿಟ್ಟ ಲೋಟದ ನೀರನ್ನು ಆಕೆಗೆ ಕೊಡಲಿಲ್ಲ, ಕ್ಯಾನಿನಿಂದ ಬೇರೆ ಬಗ್ಗಿಸಿ ಕೊಟ್ಟೆ.

ಫೋನು ಬಂದು ಒಂದೂವರೆ ಗಂಟೆ ಕಳೆಯಿತು. ಆಗ ಹೆದರಿಕೆ ಹುಟ್ಟಿತು. ಅವನು ದಾರಿಯಲ್ಲಿ ಬಿದ್ದಿದ್ದರೆ? ಚರಂಡಿಯಲ್ಲೋ ತೋಟದ ಬದುವಿನ ಮೇಲೋ ಒರಗಿ, ಕೂಗಿದರೂ ಯಾರಿಗೂ ಕೇಳಿಸದೆ ಇದ್ದರೆ? ನನಗೆ ಹಾಗಾದರೆ ಎಷ್ಟು ದಿನಕ್ಕೆ ತಿಳಿದೀತು ಎಂದು ಎಷ್ಟೋ ಬೆಳಿಗ್ಗೆ ಆ ವೈದ್ಯನಾಥಪುರದ ರಸ್ತೆಯಲ್ಲಿ ಯೋಚಿಸಿದ್ದೇನೆ. ಕ್ಯಾನನ್ನು ಮರಕ್ಕೆ ಒರಗಿಸಿಟ್ಟೆ. ಬ್ಯಾಂಡು ಎಲ್ಲಾದರೂ ಬಿದ್ದುಹೋದೀತೆಂದು ನನ್ನ ಕೈಗೇ ಹಾಕಿಕೊಂಡೆ. ಅವನು ಸಿಕ್ಕಿದಲ್ಲಿ ಹಾಕಿದರಾಯಿತು. ಓಡಲು ಶುರು ಮಾಡಿದೆ.

ಪ್ಯಾಂಟು, ಚಪ್ಪಲಿ, ತುಂಬು ಬಿಸಿಲು. ರಸ್ತೆಯ ಎರಡೂ ಬದಿ ಬಗ್ಗಿ ಬಗ್ಗಿ ನೋಡುತ್ತಾ ಓಡಿದೆ, ಸುಸ್ತಾದಾಗ ನಡೆದೆ, ಮತ್ತೆ ಓಡಿದೆ. ಸೇತುವೆಯ ಕೆಳಗೆ ಇಣುಕಿದೆ. ಪಂಪ್‌ಸೆಟ್ ಮನೆಯ ಹಿಂದೆ ನೋಡಿದೆ. ಸಿಕ್ಕವರನ್ನು ಕೇಳಿದೆ. ಯಾರೂ ಇಲ್ಲ.

ಹೊಂಗೆ ಮರದ ಹತ್ತಿರ ಬ್ಯಾನರು ಇರಲಿಲ್ಲ, ಜನ ಇರಲಿಲ್ಲ. ಸುಣ್ಣದ ಗೆರೆ ಬಸ್ಸುಗಳ ಚಕ್ರಕ್ಕೆ ಸಿಕ್ಕಿ ಅರ್ಧ ಅಳಿಸಿತ್ತು. ಒಂದು ಕುರ್ಚಿ ಮಾತ್ರ ಇತ್ತು. ಅದರ ಮೇಲೆ ಟೀಚರಮ್ಮ, ತಲೆಗೆ ಸೆರಗು ಹೊದ್ದು, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು. ನನ್ನನ್ನು ನೋಡಿ ಎದ್ದು ನಿಂತರು.

“ಸಿಕ್ಕುದ್ರಾ? ಎಲ್ಲವ್ರೆ?”

“ಯಾರು ಟೀಚರಮ್ಮ?”

“ಆ ಇನ್ನೊಬ್ರು ಕಣಪ್ಪ. ಮೇಷ್ಟ್ರು ಎಲ್ಲಾ ಬಂದ್ರು ಬನ್ನಿ ಓಗಣ ಅಂತಾರೆ. ನನ್ ಬುಕ್ಕಲ್ಲಿ ಒಂದ್ ನಂಬರ್ ಖಾಲಿ ಅದೆ. ಖಾಲಿ ಬುಟ್ಟು ಎದ್ದೋಗಕ್ ಮನಸಾಗ್ನಿಲ್ಲ. ಮನ್ಗೋಗಿ ಮಾಡದಾದ್ರೂ ಏನದೆ ನಂಗೆ? ಕುಂತ್ಕಂಡೆ.”

“ಯಾವ ನಂಬರು?”

ಅವರು ಕನ್ನಡಕ ಸರಿಮಾಡಿಕೊಂಡು ಪುಟದ ಮೇಲೆ ಬೆರಳಿಟ್ಟರು.

“ಇಪ್ಪತ್ತೇಳು.”

ನಾನು ಏದುಸಿರು ಬಿಡುತ್ತಾ ನಿಂತೇ ಇದ್ದೆ. ಮೊಳೆಯಲ್ಲಿ ನೇತಾಡುವ ಬಟ್ಟೆಯ ಚೌಕ ಕಣ್ಣಮುಂದೆ ಬಂತು. ಎರಡು ದಿನದ ಹಿಂದೆ ಮೇಷ್ಟ್ರು ನನ್ನನ್ನು ಸೇವೆಗೆ ಹಾಕಿದರಲ್ಲ, ಓಡುವವರ ಪಟ್ಟಿಯಿಂದ ತೆಗೆಯಲು ಮರೆತಿದ್ದರು. ಅದೇ ಪಟ್ಟಿ ನೋಡಿ ಬ್ಯಾಂಡು ಎಣಿಸಿದ್ದರು, ಅದೇ ಪಟ್ಟಿಯನ್ನು ಟೀಚರಮ್ಮನಿಗೂ ಕೊಟ್ಟಿದ್ದರು. ಬಂದವರ ನಂಬರೆಲ್ಲ ಬರೆದುಕೊಂಡ ನಾನು ನನ್ನ ನಂಬರನ್ನು ನೆನೆಯಲೇ ಇಲ್ಲ. ಹುಣಸೆ ಮರದ ಬುಡದಲ್ಲಿ ಅಷ್ಟು ಹೊತ್ತು ನನಗಾಗಿ ನಾನೇ ಕಾದಿದ್ದೆ.

“ನಂದೇ ಟೀಚರಮ್ಮ ಅದು” ಎಂದೆ.

ಮೊದಲು ಅವರಿಗೆ ಅರ್ಥವಾಗಲಿಲ್ಲ. ಆದಾಗ ಕುರ್ಚಿಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಒಳೆ ದಾಟ್ಬುಟ್ಟು ತಮ್ಮುನ್ನೇ ಎಣ್ಸದ್ ಮರ್ತೋರ್ ಕತೆ ಯೋಳಿ ಎಷ್ಟ್ ಮಕ್ಕಳ್ನ ನಗ್ಸಿದ್ದೀನೋ! ಈಗ ನೋಡು, ಆ ದಡ್ದಲ್ಲಿ ನೀನು, ಈ ದಡ್ದಲ್ಲಿ ನಾನು.”

ನನಗೆ ನಗು ಬರಲಿಲ್ಲ. ಅವ್ವ ಹೋದ ಮೇಲೆ ನನಗಾಗಿ ಯಾರೂ ಊಟದ ಹೊತ್ತು ಮೀರಿ ಕಾದದ್ದು ನೆನಪಿಲ್ಲ. ಈಕೆ ಬಿಸಿಲಲ್ಲಿ ಹಸಿದು ಕಾದಿದ್ದರು. ಕಾದದ್ದು ನನಗೆಂದು ಅವರಿಗೆ ಗೊತ್ತಿರಲಿಲ್ಲ. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಕೈ ಮುಂದೆ ಚಾಚಿ ಬ್ಯಾಂಡು ತೋರಿಸಿದೆ.

ಅವರು ನಗು ನಿಲ್ಲಿಸಿ ಬ್ಯಾಂಡು ನೋಡಿದರು, ನನ್ನ ಚಪ್ಪಲಿ ನೋಡಿದರು.

“ಓಗದು ಮೇಷ್ಟ್ರ ಗಾಡೀಲಿ ಓಗಿದ್ದೀಯ. ಬರದ್ ಮಾತ್ರ ಓಡಿದ್ದೀಯ. ಎಸ್ರು ಬರ್ಯಕ್ಕಾಗಕಿಲ್ಲ ಕಣಪ್ಪ.”

“ಬ್ಯಾಡ ಬುಡಿ ಟೀಚರಮ್ಮ.”

ಇಪ್ಪತ್ತೇಳರ ಮುಂದೆ ಒಂದು ಅಡ್ಡಗೆರೆ ಎಳೆದರು. ಪುಸ್ತಕ ಮುಚ್ಚುತ್ತಾರೆಂದುಕೊಂಡೆ. ಮುಚ್ಚಲಿಲ್ಲ. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ಇಡೀ ತರಗತಿ ಕೂತಿರುವಂತೆ ಕೂಗಿದರು.

“ಇಪ್ಪತ್ತೇಳು!”

ದಿನಾ ಮೈಕಿನಲ್ಲಿ ನೂರು ಸಲ ಕೂಗುವವನಿಗೆ ದನಿಯೇ ಹೊರಡಲಿಲ್ಲ. ಹೇಗೋ, ಹಾಜರ್ ಮಿಸ್ ಎಂದೆ.

“ಜೋರಾಗೇಳಪ್ಪಾ. ಇಂದ್ಗಡೆ ಬೆಂಚ್ಗೆ ಕೇಳ್ಬೇಕು.”

ಹಿಂದೆ ತಿರುಗಿ ನೋಡಿದೆ. ಖಾಲಿ ರಸ್ತೆ. ಆದರೂ ಜೋರಾಗಿ ಹೇಳಿದೆ.